ಬೆಂಕಿ ಕಂಡ ನೀಲ

ನೀಲದ ಹರಳನ್ನು ಕೊಳ್ಳಹೋದವನು ಅಂಗಡಿಯಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಇದು ಅಸಲಿಯೇ?” “ಅಸಲಿಯೇ ಸ್ವಾಮಿ, ನೆಲದಿಂದ ತೆಗೆದದ್ದು” ಎಂಬುದು ಉತ್ತರ. ಅದರಲ್ಲಿ ಸುಳ್ಳಿಲ್ಲ. ಆದರೆ ನೆಲದಿಂದ ಎದ್ದಾಗ ಆ ಕಲ್ಲಿಗೆ ಈ ಬಣ್ಣವಿರಲಿಲ್ಲ ಎಂಬ ಮಾತೂ ಅದರಲ್ಲಿಲ್ಲ. ನಿಜವನ್ನೇ ನುಡಿದು ವಂಚಿಸುವುದು ಸಾಧ್ಯವೆ?

ಶ್ರೀಲಂಕೆಯಲ್ಲಿ ‘ಗೆವುಡ’ ಎಂಬ ಕಲ್ಲು ಸಿಕ್ಕುತ್ತದೆ. ಹಾಲು ಬೆರೆತ ನೀರಿನಂತೆ ಮಂಕು. ಹಿಂದೆ ಅದಕ್ಕೆ ಬೆಲೆ ತೀರ ಕಡಿಮೆ. 1970ರ ದಶಕದಲ್ಲಿ ಥಾಯ್ಲೆಂಡಿನ ವರ್ತಕರು ಇವನ್ನು ಅಗ್ಗಕ್ಕೆ ಕೊಂಡೊಯ್ದು, ಆಮ್ಲಜನಕ ಕಡಿಮೆಯಿರುವ ಕುಲುಮೆಯಲ್ಲಿ, 1500 ಡಿಗ್ರಿ ಸೆಂಟಿಗ್ರೇಡಿಗೂ ಮೇಲ್ಪಟ್ಟ ಉರಿಯಲ್ಲಿ ಕಾಯಿಸಿದರು. ಕಲ್ಲಿನೊಳಗೆ ರೇಷ್ಮೆಯೆಳೆಗಳಂತೆ ಹರಡಿದ್ದ ಟೈಟೇನಿಯಂ ಆಕ್ಸೈಡಿನ ಸೂಜಿಗಳು ಕರಗಿ, ಆ ಟೈಟೇನಿಯಂ ಅಲ್ಲೇ ಇದ್ದ ಕಬ್ಬಿಣದೊಡನೆ ಕೂಡಿ ನೀಲಿಯಾಯಿತು. ಹೊರಗಿನಿಂದ ಚಿಟಿಕೆ ಬಣ್ಣವನ್ನೂ ಹಾಕಲಿಲ್ಲ. ಬಂದ ಬಣ್ಣ ಮಾಸುವುದೂ ಇಲ್ಲ. ಇಂದು ಪೇಟೆಗೆ ಬರುವ ನೀಲಗಳಲ್ಲಿ ಹೆಚ್ಚಿನವು ಬೆಂಕಿ ಕಂಡವೇ.

ಮಂಗಳೂರಿನವನಾದ ನಾನು ಬೆಂಕಿಯನ್ನು ದೂರುವುದು ಹೇಗೆ? 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ತೊಡಗಿದ ಹೆಂಚಿನ ಉದ್ಯಮವೇ ಈ ಊರಿನ ಹೆಸರನ್ನು ದೂರದೂರಕ್ಕೆ ಒಯ್ದದ್ದು. ಜೇಡಿಮಣ್ಣು ಕೆಂಪಾಗುವುದೂ ಭಟ್ಟಿಯ ಉರಿಯಲ್ಲೇ, ಅಲ್ಲಿಯೂ ಕಾರಣ ಒಳಗಿನ ಕಬ್ಬಿಣವೇ. ನಾವು ದಿನವೂ ಉಣ್ಣುವ ಕುಚ್ಚಲಕ್ಕಿಯೂ ಬತ್ತವಾಗಿದ್ದಾಗಲೇ ಒಮ್ಮೆ ಬೆಂದದ್ದು. ಆದರೆ ಹೆಂಚಿನವನು ಭಟ್ಟಿಯನ್ನು ಮರೆಮಾಡಲಿಲ್ಲ. ಅದರ ಹೊಗೆಗೊಳವೆ ಊರಿಗೆಲ್ಲ ಕಾಣುತ್ತಿತ್ತು.

ಹಿರಿಯರೂ ಇದನ್ನು ಯೋಚಿಸಿದ್ದರು. ಬಲಾಸುರನ ಕಣ್ಣುಗಳು ಸಿಂಹಳದಲ್ಲಿ ಬಿದ್ದು ಇಂದ್ರನೀಲವಾದ ಕಥೆ ಗರುಡಪುರಾಣದಲ್ಲಿದೆ; ಅಲ್ಲಿಯೇ ಒಂದು ನಿಷೇಧವೂ ಇದೆ. ಪರೀಕ್ಷೆಗಾಗಲಿ ಗುಣ ಹೆಚ್ಚಿಸುವುದಕ್ಕಾಗಲಿ ಮಣಿಯನ್ನು ಬೆಂಕಿಗಿಡಬಾರದು. ಉರಿಯ ಪ್ರಮಾಣವರಿಯದೆ ಕೆಡಿಸಿದ ಮಣಿಯಿಂದ ಅದರ ಒಡೆಯನಿಗೂ, ಸುಟ್ಟವನಿಗೂ, ಸುಡಿಸಿದವನಿಗೂ ಕೇಡು ಎಂದು ಅದರ ಅಭಿಪ್ರಾಯ. ಅಂದರೆ ಆಗಲೂ ಸುಡುವವರಿದ್ದರು. ಇಲ್ಲದ ಚಾಳಿಗೆ ಯಾರು ನಿಷೇಧ ಬರೆಯುತ್ತಾರೆ? ಕೊಟ್ಟ ಕಾರಣ ಪ್ರಮಾಣ ತಿಳಿಯದಿರುವುದು. ಇಂದಿನ ವಿದ್ಯುತ್ ಕುಲುಮೆಗೆ ಅದು ತಿಳಿದಿದೆ. ಆದ್ದರಿಂದ ಕಲ್ಲಿನ ಮಟ್ಟಿಗೆ ನಿಷೇಧ ಸಡಿಲಿತೆಂದೇ ನನ್ನೆಣಿಕೆ. ಏನೂ ಮಾಡದ ಒಡೆಯನಿಗೆ ತಟ್ಟುವ ಕೇಡು ಮಾತ್ರ ಹಾಗೆಯೇ ಉಳಿದಿದೆ.

ಏಕೆಂದರೆ ಬೆಂಕಿಯ ನೆರಳಿನಲ್ಲಿ ಬೇರೆ ಕೈಚಳಕಗಳೂ ಬೆಳೆದಿವೆ. ಟೈಟೇನಿಯಂ ಪುಡಿಯಲ್ಲಿ ಹೂತು ಕಾಯಿಸಿದರೆ ನೀಲಿ ಕಲ್ಲಿನ ಮೈಗಷ್ಟೇ ತೆಳ್ಳಗೆ ಹತ್ತುತ್ತದೆ. ಮತ್ತೆ ಸಾಣೆ ಹಿಡಿದರೆ ಹೋಯಿತು. ಬಿರುಕುಬಿಟ್ಟ ಕೀಳು ಕಲ್ಲಿಗೆ ಕೋಬಾಲ್ಟ್ ಬೆರೆಸಿದ ಸೀಸದ ಗಾಜನ್ನು ತುಂಬುವುದೂ ಉಂಟು. ಅಂಥ ಉಂಗುರವನ್ನು ಸಡಿಲಿಸಲು ಕೊಟ್ಟಾಗ ಅಕ್ಕಸಾಲಿಗನ ಆಮ್ಲ ಗಾಜನ್ನು ತಿನ್ನುತ್ತದೆ. ಕಲ್ಲು ಕೆಡಿಸಿದನೆಂಬ ಅಪವಾದ ಆ ಬಡಪಾಯಿಗೆ! ಪುರಾಣದ ಪಟ್ಟಿಯಲ್ಲಿ ಇಲ್ಲದ ನಾಲ್ಕನೆಯವನು ಅವನು.

“ಕೇಳಿದ್ದರೆ ಹೇಳುತ್ತಿದ್ದೆ” ಎಂಬುದು ವರ್ತಕನ ಸಮಾಧಾನ. ಕೇಳಿದ್ದಕ್ಕಷ್ಟೇ ಉತ್ತರಿಸುವುದು ಪರೀಕ್ಷೆಯ ಕೊಠಡಿಯಲ್ಲಿ ಗುಣ. ಅಂಕ ಕೊಡುವ ಕಸುಬಿನವನಾಗಿ ಅದನ್ನು ಬಲ್ಲೆ. ಆದರೆ ಕೇಳಬೇಕಾದ ಪ್ರಶ್ನೆಯೇ ತಿಳಿಯದವರು ಏನನ್ನು ಕೇಳಬೇಕು? ಬೆಂಕಿ ಕಾಣದ ಒಳ್ಳೆಯ ನೀಲಕ್ಕೆ ಬೆಂದದ್ದರ ಹಲವು ಪಟ್ಟು ಬೆಲೆ. ಈ ಅಂತರವನ್ನು ಬಲ್ಲವನು ಮಾರುವವನು. ಮಾತು ಮೊದಲು ಹೊರಡಬೇಕಾದದ್ದು ಅವನ ಬಾಯಿಂದಲೇ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ, ಏಳರಾಟದ ಶನಿಗೆಂದು ಜೋಯಿಸರು ಹೇಳಿದಂತೆ, ಕೂಡಿಟ್ಟ ಹಣದಲ್ಲಿ ನೀಲದ ಉಂಗುರ ಮಾಡಿಸಿಕೊಂಡರು. ನನಗೆ ಶನಿಯಲ್ಲಿ ನಂಬಿಕೆಯಿಲ್ಲ, ಅವರಿಗಿದೆ. ಅವರು ಹಣ ಕೊಟ್ಟದ್ದು ಬಣ್ಣಕ್ಕಲ್ಲ, ಮನುಷ್ಯ ತಿದ್ದದ ವಸ್ತುವಿಗೆ. ಮಗ ಬೇರಾವುದೋ ಕಾರಣಕ್ಕೆ ಅದನ್ನು ಪ್ರಯೋಗಾಲಯಕ್ಕೆ ಒಯ್ದ. ಸೂಕ್ಷ್ಮದರ್ಶಕದಡಿ ಅರೆಕರಗಿದ ಸೂಜಿಗಳು ಕಂಡವು. ಅಷ್ಟರಲ್ಲಿ ಉಂಗುರ ತೊಟ್ಟಂದಿನಿಂದ ತಾಯಿಗೆ ರಾತ್ರಿ ಚೆನ್ನಾಗಿ ನಿದ್ದೆ ಬರತೊಡಗಿತ್ತಂತೆ. “ಅಮ್ಮನಿಗೆ ಹೇಳಲೇ ಸರ್?” ಎಂದು ಕೇಳಿದ.

ಹೇಳು ಎಂದೆ. ಇದುವರೆಗೆ ಅವನು ಹೇಳಿಲ್ಲ.