ಮಾರ್ಕನನ್ನು ಬೇಡ ಅಂದಾಗ

ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ತೆಗೀರಿ, 36ನೇ ವಚನದಿಂದ. ಫೋನಿನಲ್ಲಿ ಬೈಬಲ್ ಓದುವವರು ಆಫೀಸ್ ಮೆಸೇಜು ಸ್ವಲ್ಪ ಹೊತ್ತು ಬಿಟ್ಟುಬಿಡಿ.

ಈಗ ಅಪ್ರೈಸಲ್ ಸಮಯ. ನಿಮ್ಮಲ್ಲಿ ಕೆಲವರು ಬಂದು ಕೇಳಿದ್ದೀರಿ: "ಪಾಸ್ಟರ್, ಮ್ಯಾನೇಜರ್‌ಗೆ ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ, ಪಿಐಪಿಗೆ ಹಾಕಿದ್ದಾರೆ. ಇರಲಾ, ಬಿಡಲಾ?" ಪಿಜಿ ಬಾಡಿಗೆ, ಊರಿಗೆ ಕಳಿಸೋ ದುಡ್ಡು, ಎಲ್ಲಾ ಆ ಸಂಬಳದ ಮೇಲೇ ನಿಂತಿದೆ. ನಿದ್ದೆ ಬರಲ್ಲ, ನನಗೆ ಗೊತ್ತು. ಆದರೆ ಕೆಲವರು ಉತ್ತರವನ್ನೂ ತಂದಿರ್ತೀರಿ: "ಅವರು ಸೌಲ, ನಾನು ದಾವೀದ." ಈಟಿ ಎಸೆದರಾ ಅಂತ ಒಬ್ಬರನ್ನ ಕೇಳಿದೆ. ಇಲ್ವಂತೆ. ಮೂರು ಡೆಡ್‌ಲೈನ್ ತಪ್ಪಿತು ಅಂದರಂತೆ, ಅಷ್ಟೇ!

ಮಾರ್ಕನನ್ನು ನೋಡಿ. ಪೌಲ, ಬಾರ್ನಬರ ಮೊದಲ ಪ್ರಯಾಣದಲ್ಲಿ ಸಹಾಯಕನಾಗಿ ಹೋದವನು, ಪಂಫುಲ್ಯದ ಪೆರ್ಗದಿಂದ ಯೆರೂಸಲೇಮಿಗೆ ವಾಪಸ್ ಹೋಗಿಬಿಟ್ಟ. ಯಾಕೆ ಅಂತ ವಾಕ್ಯ ಹೇಳೋದಿಲ್ಲ. ಎರಡನೇ ಸಲ ಹೊರಡುವಾಗ ಪೌಲನು ಇವನು ಬೇಡ ಅಂದ. ಪೌಲನ ಅನುಮಾನಕ್ಕೆ ಆಧಾರ ಇತ್ತು. ಅವನು ಮಾರ್ಕನ ಶತ್ರುವಲ್ಲ, ದೇವರ ಸೇವಕ. (ಅವನಿಗೂ ಸೌಲ ಅನ್ನೋ ಹೆಸರಿತ್ತು, ಅದು ಬೇರೆ ಮಾತು!)

ಹಾಗಾದರೆ ಇರೋದಾ ಬಿಡೋದಾ ಅನ್ನೋದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ: ಅವರು ಹೇಳ್ತಿರೋದು ನಿಜವಾ? ಪವಿತ್ರಾತ್ಮನು ಸತ್ಯದ ಆತ್ಮ. ಎರಡು ಗಂಟೆ ಅನ್ಯಭಾಷೆಯಲ್ಲಿ ಪ್ರಾರ್ಥಿಸುವವರು ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೂತು ಕೇಳೋಕೆ ಹೆದರಬೇಕಾ? ಯಾವ ಕೆಲಸ, ಎಲ್ಲಿ ಕಡಿಮೆಯಾಯಿತು, ಯಾವ ತಾರೀಖಿನೊಳಗೆ ಏನಾದರೆ ಸಾಕು, ಇಷ್ಟನ್ನೂ ಕೇಳಿ, ಮೇಲ್‌ನಲ್ಲಿ ಬರೆದು ಕಳಿಸಿ. ನಿಜ ಅನಿಸಿದರೆ ಇದ್ದು ಕಲಿಯಿರಿ. ಉಪವಾಸ ಮಾಡಿ, ಬೇಡ ಅನ್ನಲ್ಲ. ಕೋಡ್ ರಿವ್ಯೂ ಕಾಮೆಂಟನ್ನೂ ಓದಿ.

ಕೆಲವು ಕಡೆ ಕೇಳಿದರೂ ಉತ್ತರ ಸಿಗಲ್ಲ. ಈ ವಾರ ಒಂದು ಕಾರಣ, ಮುಂದಿನ ವಾರ ಇನ್ನೊಂದು. ಕಳಿಸೋದು ಅಂತ ಮೊದಲೇ ತೀರ್ಮಾನ ಆಗಿರುತ್ತೆ. ಅಲ್ಲಿ ಬೇರೆ ಕೆಲಸ ಹುಡುಕೋದು ಅವಿಶ್ವಾಸ ಅಲ್ಲ, ಯಾರೂ ನಿಮ್ಮನ್ನ ಹಾಗೆ ಹೆದರಿಸದಿರಲಿ. ರಾತ್ರಿ ಹನ್ನೊಂದಕ್ಕೆ ಕೋಪದಲ್ಲಿ ರಾಜೀನಾಮೆ ಕಳಿಸಬೇಡಿ, ಅಷ್ಟೇ. ಮಾರ್ಕ ಅಂತಿಯೋಕ್ಯದಲ್ಲೇ ಕೂತು ಪೌಲನ ಬಗ್ಗೆ ಗೊಣಗಿದ ಅಂತ ಬರೆದಿಲ್ಲ. ಬಾರ್ನಬನ ಜೊತೆ ಹಡಗು ಹತ್ತಿ ಕುಪ್ರಕ್ಕೆ ಹೋದ.

ಈ ಬಾರ್ನಬ ನನಗೆ ತುಂಬಾ ಇಷ್ಟ. ಆ ಪ್ರಯಾಣದಲ್ಲಿ ಅವನೂ ಇದ್ದ. ಮಾರ್ಕ ಬಿಟ್ಟುಹೋದದ್ದನ್ನು ಕಣ್ಣಾರೆ ಕಂಡವನು. ಎಲ್ಲಾ ಗೊತ್ತಿದ್ದೂ ಕರ್ಕೊಂಡು ಹೋದ. ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿ ಸುಳ್ಳು ಹೊಗಳಿಕೆ ಹೇಳದ ಒಬ್ಬ ಹಿರಿಯರು ನಿಮಗೆ ಇದ್ದಾರಾ? ಅವರನ್ನ ಕೇಳದೆ ತೀರ್ಮಾನ ಮಾಡಬೇಡಿ.

ವರ್ಷಗಳಾದ ಮೇಲೆ ಸೆರೆಯಲ್ಲಿರುವ ಪೌಲನು ಮಾರ್ಕನನ್ನು ಕರ್ಕೊಂಡು ಬಾ, ಅವನು ನನಗೆ ಉಪಯುಕ್ತ ಅಂತ ಬರೀತಾನೆ. 2 ತಿಮೊಥೆ 4:11, ಮನೆಗೆ ಹೋಗಿ ಓದಿ. ಹಾಗಂತ ನಿಮ್ಮ ಮ್ಯಾನೇಜರೂ ಒಂದು ದಿನ ಫೋನ್ ಮಾಡಿ ಕರೀತಾರೆ ಅಂತ ನಾನು ಪ್ರವಾದನೆ ಹೇಳ್ತಾ ಇಲ್ಲ!

ಎದ್ದು ನಿಲ್ಲೋಣ. ಈ ವಾರ ರಿವ್ಯೂ ಮೀಟಿಂಗ್ ಇರೋರು ಮುಂದೆ ಬನ್ನಿ. ಆಫೀಸಿನಲ್ಲಿ ತಂಡ ನಡೆಸುವ ಸಹೋದರ ಸಹೋದರಿಯರೂ ಬನ್ನಿ, ಇವರ ಪಕ್ಕ ನಿಂತು ಕೈಯಿಡಿ. ಪ್ರಾರ್ಥನೆ ಮುಗಿದ ಮೇಲೆ ಒಬ್ಬರ ನಂಬರ್ ಒಬ್ಬರು ತಗೊಂಡೇ ಹೊರಗೆ ಹೋಗಿ.