ದಡದಲ್ಲಿ ನಿಂತವರು



ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ತಾವು ಓದಿರಬಹುದು. ಪ್ರಕಟವಾದದ್ದು 1933ರಲ್ಲಿ. ಅದರಲ್ಲಿ ಚೋಮನ ಮಗನೊಬ್ಬ ನದಿಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿದ್ದಾರೆ. ಮುಟ್ಟಿದರೆ ಮೈಲಿಗೆಯೆಂದು ಅವನನ್ನು ಎತ್ತುವವರಿಲ್ಲ, ಬಾಲಕ ಸಾಯುತ್ತಾನೆ. ಇದನ್ನು ಓದಿದ ನಮ್ಮ ಯುವಕರು, "ಅಲ್‌ಹಮ್ದುಲಿಲ್ಲಾಹ್, ಇಸ್ಲಾಮಿನಲ್ಲಿ ಅಸ್ಪೃಶ್ಯತೆಯಿಲ್ಲ" ಎನ್ನುತ್ತಾರೆ. ನಿಜವಾದ ಮಾತು. ಆದರೆ ಅಷ್ಟಕ್ಕೇ ಪುಸ್ತಕ ಮುಚ್ಚಿಡುವಂತಿಲ್ಲ.

ದಡದಲ್ಲಿದ್ದವರಿಗೆ ಆ ಮಗುವಿನ ಮೇಲೆ ದ್ವೇಷವಿತ್ತೆಂದು ಹೇಳಲಾಗದು. ಹಿರಿಯರು ಕಲಿಸಿದ ಮಡಿಯನ್ನು ಪಾಲಿಸಿದರು, ಅಷ್ಟೆ. ಒಡೆಯ ಸಂಕಪ್ಪಯ್ಯನೂ ಕ್ರೂರಿಯಲ್ಲ. ಚೋಮನಿಗೆ ತುಂಡು ಭೂಮಿ ಕೊಡಲು ಅವನ ಮನಸ್ಸು ಒಲಿಯುತ್ತದೆ. ತಾಯಿ ಬೇಡವೆನ್ನುತ್ತಾಳೆ, ಸುಮ್ಮನಾಗುತ್ತಾನೆ. ತಾಯಿಯ ಮಾತು ಮೀರದ ಮಗನನ್ನು ಯಾರು ತಾನೇ ದೂರುತ್ತಾರೆ?

ಈಗ ನಮ್ಮ ಮನೆಗಳಿಗೆ ಬರೋಣ. ಅರಸೀಕೆರೆ, ಹರಪನಹಳ್ಳಿ, ಕೊಟ್ಟೂರು ಸೀಮೆಯಲ್ಲಿ ಪಿಂಜಾರರು, ಅಂದರೆ ನದಾಫರು, ಇದ್ದಾರೆ. ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಕುಲಕಸುಬಿನವರು. ಮನೆಮಾತು ಹೆಚ್ಚಾಗಿ ಕನ್ನಡ. ಮಸೀದಿಯಲ್ಲಿ ಅವರ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತೇವೆ. ನೆಂಟಸ್ತನದ ಮಾತು ಬಂದಾಗ ಮಾತ್ರ ನಮಾಝ್, ನಡತೆ ವಿಚಾರಿಸುವ ಮೊದಲೇ "ಅವರು ಪಿಂಜಾರರಲ್ಲವೇ? ಉರ್ದು ಬರುತ್ತದೆಯೇ?" ಎನ್ನುತ್ತೇವೆ. (ಉರ್ದು ಬಾರದವರ ದೀನ್ ಕಡಿಮೆಯೆಂದು ಯಾವ ಕಿತಾಬಿನಲ್ಲಿದೆಯೋ!) ಮಗ ಒಪ್ಪಿದರೆ ಅಮ್ಮೀ ಊಟ ಬಿಡುತ್ತಾರೆ. ತಾಯಿಯ ಕಾಲಡಿಯಲ್ಲಿ ಸ್ವರ್ಗವೆಂದು ಅವನೂ ಸುಮ್ಮನಾಗುತ್ತಾನೆ.

'ಕುಫು' ನೋಡಬೇಕೆಂದು ಫಿಕ್‌ಹ್‌ನಲ್ಲಿಯೇ ಇದೆಯಲ್ಲ ಎಂದು ಕೆಲವರು ವಾದಿಸುವುದುಂಟು. ಇದೆ. ಇಮಾಮ್ ಮಾಲಿಕ್(ರ)ರು ಧರ್ಮನಿಷ್ಠೆಗೇ ಮಹತ್ವ ಕೊಟ್ಟರು. ಹನಫೀ ಗ್ರಂಥಗಳು ವಂಶವನ್ನೂ ಕಸುಬನ್ನೂ ಎಣಿಸುತ್ತವೆ. ಆದರೆ ಅಲ್ಲಿಯೂ ಅದು ಹೆಣ್ಣಿಗೂ ಅವಳ ವಲೀಗೂ ಇರುವ ಹಕ್ಕು, ಬಿಟ್ಟುಕೊಡಬಹುದಾದ ಹಕ್ಕು. ವರನ ಯೋಗ್ಯತೆಯನ್ನು ನೋಡಲೆಂದು ಇಟ್ಟದ್ದು. ಬರಲಿರುವ ಸೊಸೆಯ ಕುಲ ಕೆದಕುವ ಅತ್ತೆಗೆ ಅದು ಆಧಾರವೇ ಅಲ್ಲ.

ಹಾಗಾದರೆ ತಂದೆತಾಯಿಯರ ವಿಧೇಯತೆ? ಸೂರಃ ಅನ್ನಿಸಾದ 135ನೆಯ ಸೂಕ್ತವು, ಸ್ವತಃ ನಿಮಗೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಆಜ್ಞಾಪಿಸುತ್ತದೆ. ಅದೇ ಕುರ್‌ಆನ್ ಹೆತ್ತವರಿಗೆ 'ಛೀ' ಎಂದೂ ಅನ್ನಬಾರದೆಂದಿದೆ. ಎರಡನ್ನೂ ಒಟ್ಟಿಗೆ ಪಾಲಿಸುವುದೇ ಕಷ್ಟ. ಜಗಳವಾಡಿ ಮನೆ ಬಿಡುವುದು ಸುಲಭ, ತಲೆತಗ್ಗಿಸಿ ಒಪ್ಪುವುದೂ ಸುಲಭ.

ಈ ಕಷ್ಟವನ್ನು ಮದೀನಾದ ಯುವತಿಯೊಬ್ಬರು ಎದುರಿಸಿದ್ದು ಮುಸ್ನದ್ ಅಹ್ಮದ್‌ನಲ್ಲಿದೆ. ವಂಶಬಲವಾಗಲೀ ರೂಪವಾಗಲೀ ಇಲ್ಲದ ಜುಲೈಬೀಬ್(ರ)ರಿಗಾಗಿ ಪ್ರವಾದಿ(ಸ)ರು ಅನ್ಸಾರಿ ಮನೆಯೊಂದರಲ್ಲಿ ಹೆಣ್ಣು ಕೇಳಿದರು. ಮಡದಿಯನ್ನು ವಿಚಾರಿಸಿ ಹೇಳುತ್ತೇನೆಂದು ತಂದೆ ಎದ್ದರು. ತಾಯಿ ಖಂಡಿತ ಬೇಡವೆಂದರು. ಮಗಳು, ಕೇಳಿದವರು ಯಾರೆಂದು ವಿಚಾರಿಸಿ, ಅಲ್ಲಾಹನ ಸಂದೇಶವಾಹಕರ ಮಾತನ್ನು ಮರಳಿಸುವಿರಾ, ನನ್ನನ್ನು ಅವರಿಗೊಪ್ಪಿಸಿ ಎಂದರು. ಹೆತ್ತವರು ಒಪ್ಪಿದರು. ಆಕೆಯ ಮೇಲೆ ಒಳಿತನ್ನು ಸುರಿಸೆಂದೂ ಆಕೆಯ ಬದುಕನ್ನು ಕಷ್ಟವಾಗಿಸಬೇಡವೆಂದೂ ಪ್ರವಾದಿ(ಸ)ರು ದುಆ ಮಾಡಿದರು.