ವ್ರತಿಯೂ ಮಾತ್ರೆಯೂ

ರೋಗಪೀಡಿತನಾದ ಶ್ರಾವಕನು ಉಪವಾಸದ ದಿನ ಔಷಧವನ್ನು ಸೇವಿಸಿದರೆ ವ್ರತಭಂಗವಾಗುವುದೇ ಎಂಬ ಪ್ರಶ್ನೆ ದಶಲಕ್ಷಣ ಪರ್ವ ಸಮೀಪಿಸಿದಾಗಲೆಲ್ಲ ಏಳುತ್ತದೆ. ಮೂರ್ಛೆರೋಗ, ಹೃದಯಶೂಲೆಗಳ ವಿಷಯದಲ್ಲಿ ಇದು ಬರಿಯ ಶಾಸ್ತ್ರಚರ್ಚೆಯಲ್ಲ; ಪ್ರಾಣದ ಪ್ರಶ್ನೆ.

ಮೂರ್ಛೆರೋಗದ ಚಿಕಿತ್ಸೆಯಲ್ಲಿ ಯಳಂದೂರಿನ ಹೆಸರು ಲೋಕವಿದಿತವಾಗಿದೆ. ಡಾ. ಕೆ. ಎಸ್. ಮಣಿ ಹಾಗೂ ಸಂಗಡಿಗರು ಅಲ್ಲಿಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ಅನೇಕ ರೋಗಿಗಳ ಸೆಳವನ್ನು ಹತೋಟಿಯಲ್ಲಿಡಬಹುದೆಂದು ಅದು ತೋರಿಸಿತು. ಆದರೆ ಮಾತ್ರೆ ತಪ್ಪಬಾರದು. ಥಟ್ಟನೆ ನಿಲ್ಲಿಸಿದರೆ ಸೆಳವು ಮೊದಲಿಗಿಂತ ಉಗ್ರವಾಗಿ ಮರುಕಳಿಸಬಹುದು.

ಕೊಳ್ಳೇಗಾಲ, ಹನೂರು, ಯಳಂದೂರುಗಳಂಥ ಊರುಗಳಲ್ಲಿ ಈ ಮಾತನ್ನು ರೋಗಿಗೆ ಮನಗಾಣಿಸಬೇಕಾದವಳು ದಾದಿ. ಸೆಳವು ಬಂದವನನ್ನು ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಕೈಗೆ ಕಬ್ಬಿಣ ಕೊಡುವುದರಿಂದ ಫಲವಿಲ್ಲ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು ಎಂದು ಆಕೆ ಕಲಿಸುತ್ತಾಳೆ. ತಲೆಗೆ ಬಿಸಿನೀರು ಸುರಿದುಕೊಳ್ಳುವಾಗಲೇ ಸೆಳವು ಬರುವ ಬಗೆಯೊಂದು ಈ ಸೀಮೆಯಲ್ಲುಂಟು. ಅಂಥವರಿಗೆ ಪರ್ವದಿನದ ಸ್ನಾನಕ್ಕೂ ಉಗುರುಬೆಚ್ಚಗಿನ ನೀರೇ ಸಾಕು. ಎದೆ ಹಿಂಡಿದರೆ ಕುಳಿತು, ವೈದ್ಯರು ಕೊಟ್ಟ ಮಾತ್ರೆಯನ್ನು ನಾಲಿಗೆಯಡಿ ಇಡಬೇಕು; ಐದು ನಿಮಿಷದಲ್ಲಿ ನೋವು ತಗ್ಗದಿದ್ದರೆ 108ಕ್ಕೆ ಕರೆಮಾಡಬೇಕು. ಹೀಗೆ ಕಲಿಸುವುದು ವೈಯಾವೃತ್ಯವಲ್ಲದೆ ಮತ್ತೇನು? ಅನಶನವು ಬಾಹ್ಯತಪ, ವೈಯಾವೃತ್ಯವು ಅಂತರಂಗತಪ.

ನಾಲಿಗೆಯಡಿಯ ಮಾತ್ರೆಯನ್ನು ನುಂಗುವುದಿಲ್ಲ, ಆದ್ದರಿಂದ ದೋಷವಿಲ್ಲ ಎಂದು ಕೆಲವರು ಜಾಣತನದಿಂದ ವಾದಿಸುತ್ತಾರೆ. ಅಂಥ ಜಾರುದಾರಿ ಬೇಕಿಲ್ಲ. ಶ್ವೇತಾಂಬರರ ಪ್ರತ್ಯಾಖ್ಯಾನಪಾಠದಲ್ಲಿ ಸಮಾಧಿಯ ರಕ್ಷಣೆಗಾಗಿ ಅಪವಾದವು ಮೊದಲೇ ಸೇರಿದೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸು ಶಕ್ತ್ಯನುಸಾರವೆಂದೇ ಇದೆ. ರೋಗವೂ ಪರೀಷಹ, ಸಹಿಸಬೇಕು ಎನ್ನುವವರುಂಟು. ಆದರೆ ಒಲೆಯ ಮುಂದೆ ಮಗುವನ್ನೆತ್ತಿಕೊಂಡು ಕುಳಿತ ಗೃಹಿಣಿಗೆ ಸೆಳವು ಬಂದರೆ ಸಹಿಸುವವರು ಯಾರು? ಪ್ರಮಾದದಿಂದಾಗುವ ಪ್ರಾಣಹಾನಿಗೆ ಹಿಂಸೆಯೆಂದೇ ಹೆಸರು. ಗುರುವಿನ ಅನುಮತಿಯಿಂದ, ಪ್ರತೀಕಾರವಿಲ್ಲದ ಸ್ಥಿತಿಯಲ್ಲಿ ಕೈಕೊಳ್ಳುವ ಸಲ್ಲೇಖನಕ್ಕೆ ಇದನ್ನು ಹೋಲಿಸುವುದು ಸಲ್ಲದು.

ನಿಜವಾದ ದೋಷವು ಬೇರೆಡೆ ಇದೆ. ರೋಗಿಯು ತನ್ನ ಉಪವಾಸವನ್ನು ದಾದಿಯಿಂದಲೂ, ರೋಗವನ್ನು ವ್ರತ ಕೊಡುವ ಮುನಿಗಳಿಂದಲೂ ಮುಚ್ಚಿಡುತ್ತಾನೆ. ಶಲ್ಯರಹಿತನೇ ವ್ರತಿಯೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ; ಮೂರು ಶಲ್ಯಗಳಲ್ಲಿ ಮಾಯೆಯೂ ಒಂದು. ಮಾತ್ರೆ ನುಂಗುವ ಮೊದಲೇ ವ್ರತವು ಈ ಮುಚ್ಚುಮರೆಯಿಂದ ಮುರಿದಿರುತ್ತದೆ.

ತಿಳಿಸಿದರೆ ದಾರಿಯುಂಟು. ಫಿನೋಬಾರ್ಬಿಟೋನನ್ನು ಸಾಮಾನ್ಯವಾಗಿ ರಾತ್ರಿ ಮಲಗುವಾಗ ಕೊಡುತ್ತಾರೆ. ರಾತ್ರಿಭೋಜನವನ್ನು ತ್ಯಜಿಸಿದವರಿಗೆ ಇದೇ ತೊಡಕು. ಅದರ ಪ್ರಭಾವವು ದೇಹದಲ್ಲಿ ಬಹುಕಾಲ ನಿಲ್ಲುವುದರಿಂದ, ವೈದ್ಯರನ್ನು ಕೇಳಿ ಸೂರ್ಯಾಸ್ತಕ್ಕೆ ಮುಂಚಿನ ನಿಯತವಾದ ಹೊತ್ತಿಗೆ ಬದಲಿಸಿಕೊಳ್ಳಬಹುದು. ಅನಶನವನ್ನು ವೈದ್ಯರು ಬೇಡವೆಂದವರಿಗೆ ರಸಪರಿತ್ಯಾಗವಿದೆ; ಅದೂ ಬಾಹ್ಯತಪಗಳ ಸಾಲಿನಲ್ಲಿಯೇ ಇದೆ.